ಹಸಿರು ಗುಂಡಿಯ ಫೋನು ಮತ್ತು ತಾಯಮ್ಮನ ಪದಗಳು

2010ರಲ್ಲಿ ನಾನು ರಾಜಾಜಿನಗರದ ಒಂದು ಮೊಬೈಲ್ ಸರ್ವಿಸ್ ಸೆಂಟರ್‌ನಲ್ಲಿ ಸೀನಿಯರ್ ಟೆಕ್ನಿಷಿಯನ್ ಆಗಿದ್ದೆ. ಹೆಂಗಸು ಸ್ಕ್ರೂಡ್ರೈವರ್ ಹಿಡಿದು ಕೂತಿರುವುದನ್ನು ಕಂಡು ಕೆಲವು ಗ್ರಾಹಕರು "ಸಾರ್ ಇಲ್ವಾ?" ಎಂದು ಕೇಳುತ್ತಿದ್ದರು. "ನಾನೇ ಸಾರ್, ಏನಾಗಿದೆ ಹೇಳಿ" ಎನ್ನುತ್ತಿದ್ದೆ.

ನಾವು ರಿಪೇರಿ ಮಾಡುತ್ತಿದ್ದ ಕಂಪನಿಯ ಹೆಸರು ಇಲ್ಲಿ ಬೇಡ. ಅದು ಆ ಫೋನುಗಳನ್ನು ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಯಿತು. ಆದರೆ ಆಗ ಅದರ ಮ್ಯೂಸಿಕ್ ಫೋನುಗಳಿಗೆ ಕಾಲೇಜು ಹುಡುಗರು ಪ್ರಾಣ ಬಿಡುತ್ತಿದ್ದರು. ಉದ್ದನೆಯದು, ಜಾರಿಸಿ ತೆರೆಯುವುದು, ಮಡಚುವುದು ಎಂದು ಹಲವು ಮಾದರಿಗಳಿದ್ದವು. ಎಲ್ಲದರ ಮೇಲೂ ಹಾಡಿಗೆಂದೇ ಒಂದು ಹಸಿರು ಗುಂಡಿ. ಆ ಗುಂಡಿಯನ್ನು ಒತ್ತಿ ಹಿಡಿದು ಫೋನನ್ನು ಒಮ್ಮೆ ಜಾಡಿಸಿದರೆ ಮುಂದಿನ ಹಾಡು ಬರುತ್ತಿತ್ತು. ಈ ಜಾಡಿಸುವ ಕರಾಮತ್ತನ್ನು ಅಂಗಡಿಯವರು ಎಲ್ಲರಿಗೂ ತೋರಿಸುತ್ತಿದ್ದರು. ಕೊಂಡವರು ಎರಡು ದಿನ ಜಾಡಿಸಿ ಮರೆಯುತ್ತಿದ್ದರು. ನಾನೂ ಮರೆತಿದ್ದೆ. ಈ ಕಥೆ ನಡೆದದ್ದೇ ಅದರಿಂದ.

ಆ ವರ್ಷ ಅಕ್ಟೋಬರ್ ತಿಂಗಳಲ್ಲಿ ಹೇರೋಹಳ್ಳಿಯಿಂದ ಗಂಗಮ್ಮ ಎಂಬುವರು ಬಂದರು. ನಲವತ್ತರ ಆಸುಪಾಸು, ಊರಿನ ಹಳೆಯ ಒಕ್ಕಲು ಮನೆತನದ ಸೊಸೆ. ಫೋನನ್ನು ಒಗೆದ ಕರ್ಚೀಫಿನಲ್ಲಿ ಸುತ್ತಿ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ತಂದಿದ್ದರು. ದೇವರ ಫೋಟೋ ಬಿಚ್ಚುವಂತೆ ಬಿಚ್ಚಿ ನನ್ನ ಮುಂದೆ ಇಟ್ಟರು.

"ಹಾಡು ಅರ್ಧಕ್ಕೇ ಬದಲಾಗೋಯ್ತದೆ ಮೇಡಂ. ನಾವು ಕೋಲಾಟ ಆಡ್ತಾ ಇರ್ತೀವಿ, ಇದು ಇನ್ನೊಂದು ಪದಕ್ಕೆ ಹಾರ್ಕೊಂಡು ಹೋಯ್ತದೆ. ಕೋಲು ಕೋಲಿಗೆ ಬೀಳೋ ಬದ್ಲು ಬೆರಳಿಗೆ ಬೀಳ್ತದೆ."

ನಿಜವಾಗಿಯೂ ಎಡಗೈ ಬೆರಳೊಂದಕ್ಕೆ ಬಟ್ಟೆ ಕಟ್ಟಿದ್ದರು.

ಫೋನಿನಲ್ಲಿದ್ದದ್ದು ಅವರ ಅತ್ತೆ ತಾಯಮ್ಮ ಹಾಡಿದ ಕೋಲಾಟದ ಪದಗಳು. ಹೇರೋಹಳ್ಳಿಯಲ್ಲಿ ನಲವತ್ತು ವರ್ಷ ಪದ ಎತ್ತಿದವರು ಅವರೇ. ಪದ ಎತ್ತುವುದೆಂದರೆ ಮೊದಲ ಸಾಲನ್ನು ತಾನು ಶುರು ಮಾಡಿ, ಕುಣಿಯುವವರ ಹೆಜ್ಜೆ ನೋಡಿಕೊಂಡು, ಸರಿಯಾದ ಗಳಿಗೆಗೆ ಮುಂದಿನ ಪದಕ್ಕೆ ಎಲ್ಲರನ್ನೂ ಕರೆದೊಯ್ಯುವುದು. ಈಗ ಅವರಿಗೆ ಏದುಸಿರು. ಎರಡು ಸಾಲು ಹಾಡಿದರೆ ಮೂರನೆಯದಕ್ಕೆ ಎದೆ ಹಿಡಿಯುತ್ತಿತ್ತು. ಹಾಗಾಗಿ ಗಂಗಮ್ಮ ಎರಡೆರಡೇ ಸಾಲಿನಂತೆ ಹಾಡಿಸಿ, ತಿಂಗಳುಗಟ್ಟಲೆ ಕೂತು, ಪರಿಚಯದವರ ಕಂಪ್ಯೂಟರಿನಲ್ಲಿ ಜೋಡಿಸಿ ಫೋನಿಗೆ ತುಂಬಿಸಿದ್ದರು. ನವೆಂಬರಿನ ರಾಜ್ಯೋತ್ಸವಕ್ಕೆ ಬಡಾವಣೆಯ ಯುವಕರ ಸಂಘದ ಸ್ಟೇಜಿನ ಮೇಲೆ ಆ ಪದಗಳಿಗೆ ಎಂಟು ಜನ ಹೆಂಗಸರು ಕುಣಿಯಬೇಕಿತ್ತು.

ನಾನು ಒಂದು ಗಂಟೆ ಹಾಡು ಹಾಕಿ ಕೂತೆ. ಒಂದು ಸಲವೂ ಹಾರಲಿಲ್ಲ. ಜಾಬ್ ಶೀಟಿನಲ್ಲಿ, ಅಂದರೆ ರಿಪೇರಿಯ ಚೀಟಿಯಲ್ಲಿ, ಎನ್.ಎಫ್.ಎಫ್. ಎಂದು ಬರೆದೆ. ನೋ ಫಾಲ್ಟ್ ಫೌಂಡ್, ದೋಷ ಕಂಡುಬಂದಿಲ್ಲ ಎಂದು ಅರ್ಥ. ಆ ಮೂರಕ್ಷರ ಬರೆಯುವಾಗ ನಮಗೆ ಒಂಥರಾ ಗತ್ತು ಇರುತ್ತಿತ್ತು.

ಹತ್ತೇ ದಿನಕ್ಕೆ ಗಂಗಮ್ಮ ಮತ್ತೆ ಬಂದರು. ಅದೇ ಕರ್ಚೀಫು, ಅದೇ ಕವರು. ಈ ಸಲ ಹಾಡುಗಳನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಫೋನಿಗೆ ಹೊಸ ಸಾಫ್ಟ್‌ವೇರ್ ಹಾಕಿ, ಏನೂ ಆಗದ ಕೀಪ್ಯಾಡನ್ನು ಕಿತ್ತು ಹೊಸದು ಕೂರಿಸಿ ಕೊಟ್ಟೆ. ಒಳ್ಳೆಯ ಕೀಪ್ಯಾಡು ಕಸದ ಬುಟ್ಟಿ ಸೇರಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೇ ಸಲ ಅವರು ಬಂದದ್ದು ಕಾರ್ಯಕ್ರಮದ ಹಿಂದಿನ ದಿನ, ಶನಿವಾರ ಬೆಳಿಗ್ಗೆ. ಒಂದೇ ದೂರಿಗೆ ಫೋನು ಮೂರು ಸಲ ಬಂದರೆ ಟೆಕ್ನಿಷಿಯನ್ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತಿತ್ತು. ಆದರೆ ಗಂಗಮ್ಮನ ಮುಖ ನೋಡಿದ ಮೇಲೆ ನನ್ನ ಕೆಂಪು ಗುರುತು ದೊಡ್ಡದಾಗಿ ಕಾಣಲಿಲ್ಲ.

"ನಿಮ್ ಮುಂದೆ ಒಳ್ಳೇ ಮಗು ಥರ ಇರ್ತದೆ ಮೇಡಂ, ಊರಿಗೆ ಬಂದ ತಕ್ಷಣ ಶುರು ಮಾಡ್ತದೆ. ಇವತ್ ಸಾಯಂಕಾಲ ಸಂಘದ ಸೆಕ್ರೆಟರಿ ಬಂದು ನೋಡ್ತಾನೆ. ಒಂದು ಪದನಾದ್ರೂ ಪೂರ್ತಿ ಆಡಿ ತೋರಿಸ್ದಿದ್ರೆ ನಮ್ ಟೈಮು ಆರ್ಕೆಸ್ಟ್ರಾದವ್ರಿಗೆ ಕೊಡ್ತಾನಂತೆ. ನಮ್ಮತ್ತೆ ಆಗ್ಲೇ ಅಂತವ್ರೆ, ಬಿಡು ಗಂಗಾ, ನನ್ ಪದ ನನ್ ಜೊತೇಲೇ ಮುಗೀಲಿ ಅಂತ."

"ಸಿ.ಡಿ. ಮಾಡಿಕೊಡ್ಲಾ?" ಎಂದೆ.

"ನಾವು ಪ್ರಾಕ್ಟೀಸ್ ಮಾಡೋದು ಖಾಲಿ ಸೈಟಲ್ಲಿ ಮೇಡಂ. ಕರೆಂಟೇ ಇಲ್ಲ, ಸಿ.ಡಿ. ಎಲ್ ಹಾಕೋದು?"

ಮ್ಯಾನೇಜರನ್ನು ಕೇಳಿ ಅರ್ಧ ದಿನ ರಜೆ ಪಡೆದೆ. ಮನೆಬಾಗಿಲಿಗೆ ಹೋಗಿ ರಿಪೇರಿ ಮಾಡುವುದು ನಮ್ಮ ಪದ್ಧತಿಯಲ್ಲ ಎಂದು ಅವರು ಗೊಣಗಿದರು. ನಾನು ಸ್ಕೂಟಿ ಹತ್ತಿದೆ. ಹೇರೋಹಳ್ಳಿಯ ಆಗಿನ ರಸ್ತೆಯಲ್ಲಿ ನನ್ನ ಟೂಲ್ ಕಿಟ್ಟಿನೊಳಗಿನ ಸ್ಕ್ರೂಗಳೆಲ್ಲ ಒಂದರ ಡಬ್ಬಿಗೆ ಇನ್ನೊಂದು ಸೇರಿಕೊಂಡವು.

ಹೊಸ ಮನೆಗಳ ನಡುವೆ ಒಂದು ಖಾಲಿ ಸೈಟು. ಎಂಟು ಜನ ಹೆಂಗಸರು ಸೆರಗು ಬಿಗಿದು, ಕೋಲು ಹಿಡಿದು ಸಿದ್ಧವಾಗಿದ್ದರು. ಪಕ್ಕದ ಜಗಲಿಯ ಮೇಲೆ ತಾಯಮ್ಮ ಕೂತಿದ್ದರು. ಫೋನನ್ನು ಒಂದು ಸೈಜುಗಲ್ಲಿನ ಮೇಲೆ ಟವೆಲು ಹಾಸಿ ಇಟ್ಟಿದ್ದರು. ಹಾಡು ಶುರುವಾಯಿತು. ಮೊದಲ ಪದ ಮುಗಿಯಿತು, ಎರಡನೆಯದೂ ಮುಗಿಯಿತು, ಎಲ್ಲೂ ಹಾರಲಿಲ್ಲ. ದೋಷ ತೋರಿಸಲಾಗಲಿಲ್ಲವಲ್ಲ ಎಂದು ಹೆಂಗಸರ ಮುಖ ಸಣ್ಣದಾಯಿತು. ನಾನೂ ಸೋತೆ ಎನಿಸಿತು. ಹೊರಡುವ ಮುನ್ನ ಸುಮ್ಮನೆ ಕೇಳಿದೆ:

"ದಿನಾ ಹಿಂಗೇ ಕಲ್ಲಿನ ಮೇಲೆ ಇಟ್ಕೊಂಡೇ ಆಡ್ತೀರಾ?"

"ಅಯ್ಯೋ ಇಲ್ಲ ಮೇಡಂ," ಎಂದರು ಗಂಗಮ್ಮ. "ಕಲ್ ಮೇಲಿಟ್ರೆ ಆ ಕಡೆಯವ್ರಿಗೆ ಕೇಳ್ಸಲ್ಲ. ನೀವು ಕಂಪನಿಯವ್ರು ಬಂದಿದೀರ ಅಂತ ಇವತ್ತು ಮರ್ಯಾದೆಯಾಗಿ ಇಟ್ಟಿದೀವಿ."

ನನಗೆ ನಗು ತಡೆಯಲಾಗಲಿಲ್ಲ. ಮೂರು ಸಲವೂ ಕರ್ಚೀಫು ಸುತ್ತಿ ತಂದದ್ದು, ಇವತ್ತು ಟವೆಲು ಹಾಸಿದ್ದು, ಎಲ್ಲ ಬರೀ ಮರ್ಯಾದೆ! "ಮರ್ಯಾದೆ ಆಮೇಲೆ ಮಾಡಿ. ದಿನಾ ಹೆಂಗೆ ಇಡ್ತೀರೋ ಹಂಗೇ ಇಡಿ" ಎಂದೆ.

ಗಂಗಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಸಂಚಿಯನ್ನು ಹೊರಗೆಳೆದರು. ಎಲೆ ಅಡಿಕೆ ಇಡುವ, ಎರಡು ಮೂರು ಜೇಬಿನ ಬಟ್ಟೆಯ ಚೀಲ ಅದು. ತಾಯಮ್ಮನದೇ ಸಂಚಿ. ಆಟದ ಮುಂದಾಳಿನ ಸೊಂಟದಲ್ಲಿ ಸಂಚಿ ಇರಬೇಕು, ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಎಲ್ಲರಿಗೂ ಅದರಿಂದ ಎಲೆ ಹಂಚಬೇಕು ಎನ್ನುವುದು ಅವರ ರೂಢಿ. ಫೋನನ್ನು ಅದರೊಳಗೆ ತುರುಕಿ, ದಾರ ಬಿಗಿದು, ಮತ್ತೆ ಸೊಂಟಕ್ಕೆ ಸಿಕ್ಕಿಸಿ ಕೋಲು ಎತ್ತಿಕೊಂಡರು.

ಎರಡು ಸುತ್ತು ಚೆನ್ನಾಗಿಯೇ ನಡೆಯಿತು. ಮೂರನೇ ಸುತ್ತಿನಲ್ಲಿ ಎಲ್ಲರೂ ಮಂಡಿ ಬಗ್ಗಿಸಿ, ಒಮ್ಮೆ ಜಿಗಿದು ಜೋಡಿ ಬದಲಿಸಬೇಕು. ಗಂಗಮ್ಮ ಜಿಗಿದರು. ಹಾಡು ಹಾರಿತು. ಕೋಲುಗಳೆಲ್ಲ ದಿಕ್ಕಾಪಾಲಾದವು. "ಅಯ್ಯಯ್ಯೋ ನನ್ ಬೆರಳು!" ಎಂದು ಯಾರೋ ಕೂಗಿದರು.

"ಯಾರೂ ಏನೂ ಮುಟ್ಬೇಡಿ!" ಎಂದು ನಾನು ಓಡಿದೆ. ಸಂಚಿಯ ಬಾಯಿಯನ್ನು ನಿಧಾನಕ್ಕೆ ಸಡಿಲಿಸಿ ಒಳಗೆ ಇಣುಕಿದೆ. ವೀಳ್ಯದೆಲೆ, ಅಡಿಕೆ, ಅವುಗಳ ನಡುವೆ ಫೋನು. ಮತ್ತೆ ಫೋನಿನ ಹಸಿರು ಗುಂಡಿಯ ಮೇಲೆ, ಅಳತೆ ಮಾಡಿ ಕೂರಿಸಿದ ಹಾಗೆ, ಹಿತ್ತಾಳೆಯ ಸುಣ್ಣದ ಡಬ್ಬಿ! ದಾರ ಬಿಗಿದಾಗ ಡಬ್ಬಿ ಗುಂಡಿಯನ್ನು ಒತ್ತಿ ಹಿಡಿಯುತ್ತಿತ್ತು, ಜಿಗಿತ ಫೋನನ್ನು ಜಾಡಿಸುತ್ತಿತ್ತು. ಮುಂದಿನ ಹಾಡು ಹಾಕು ಎಂದು ಗಂಗಮ್ಮ ತಮಗೇ ಗೊತ್ತಿಲ್ಲದೆ ಪ್ರತಿ ಮೂರನೇ ಸುತ್ತಿಗೂ ಹೇಳುತ್ತಿದ್ದರು. ಫೋನು ವಿನಯದಿಂದ ಕೇಳುತ್ತಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು. ಒಂದು ಸುತ್ತು ಕುಣಿದೂಬಿಟ್ಟೆ.

ಡಬ್ಬಿಯನ್ನು ತೆಗೆದು ತಾಯಮ್ಮನ ಕೈಗೆ ಕೊಟ್ಟೆವು. ಅಷ್ಟರಲ್ಲಿ ಸಂಘದ ಸೆಕ್ರೆಟರಿ ಮಂಜುನಾಥ ಬೈಕಿನಲ್ಲಿ ಬಂದ. "ಆಂಟಿ, ಇವತ್ತು ಲಾಸ್ಟ್ ಚಾನ್ಸ್" ಎಂದು ಕೈಕಟ್ಟಿ ನಿಂತ. ಫೋನು ಸಂಚಿಯಲ್ಲಿ, ಸಂಚಿ ಸೊಂಟದಲ್ಲಿ. ಮೂರನೇ ಸುತ್ತಿನ ಜಿಗಿತ ಬಂದಿತು. ಪದ ಹಾರಲಿಲ್ಲ. ಎಂಟು ಜೋಡಿ ಕೋಲು ಒಂದೇ ಸದ್ದು ಮಾಡಿದವು. ಪೂರ್ತಿ ಮುಗಿದ ಮೇಲೆ ಮಂಜುನಾಥ ಕೈ ಬಿಚ್ಚಿ, "ಸೂಪರ್ ಆಂಟಿ, ನಾಳೆ ನಿಮ್ದೇ ಫಸ್ಟು" ಎಂದ.

ಆದರೆ ಸ್ಟೇಜಿನ ಮೇಲೆ ಫೋನನ್ನು ಕೇಬಲ್ ಹಾಕಿ ಸೌಂಡ್ ಸಿಸ್ಟಮ್ಮಿಗೆ ಜೋಡಿಸಬೇಕು. ಆಗ ಅದು ಸೊಂಟದಲ್ಲಿ ಇರುವ ಹಾಗಿಲ್ಲ. ಮೂರು ಪದಗಳಿವೆ, ಫೋನಿನಲ್ಲಿ ಪ್ರತಿಯೊಂದರ ಕೊನೆಯ ಸಾಲೂ ಬೇಕಾದದ್ದಕ್ಕಿಂತ ಹೆಚ್ಚು ಸಲ ಮರುಕಳಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಯಾವಾಗ ಹೋಗಬೇಕೆಂಬುದು ಕುಣಿಯುವವರ ಕಾಲನ್ನು ನೋಡಿ ತೀರ್ಮಾನಿಸುವ ವಿಷಯ. ಸೌಂಡಿನವನಿಗೆ ಅದು ಹೇಗೆ ತಿಳಿಯಬೇಕು? ಗಂಗಮ್ಮ ಯೋಚಿಸುತ್ತ ನಿಂತಿದ್ದಾಗ ನನ್ನ ಕಣ್ಣು ಜಗಲಿಯ ಕಡೆ ಹೋಯಿತು. ಫೋನು ತೆಗೆದುಕೊಂಡು ಹೋಗಿ ತಾಯಮ್ಮನ ಹೆಬ್ಬೆರಳನ್ನು ಹಸಿರು ಗುಂಡಿಯ ಮೇಲಿಟ್ಟೆ.

"ಇದನ್ನ ಒತ್ತಿ ಹಿಡ್ಕೊಂಡು ಒಂದ್ಸಲ ಜಾಡ್ಸಿ ಅಜ್ಜಿ."

ಅವರು ಅನುಮಾನದಿಂದಲೇ ಜಾಡಿಸಿದರು. ಮುಂದಿನ ಪದ ಶುರುವಾಯಿತು. ಇನ್ನೊಮ್ಮೆ ಜಾಡಿಸಿದರು. ಇನ್ನೊಂದು ಪದ. ಬಾಯಿ ತುಂಬ ನಕ್ಕು, ಫೋನನ್ನು ಎದೆಗೆ ಹಿಡಿದುಕೊಂಡು ಹೇಳಿದರು:

"ಉಸಿರು ಹೋದ್ರೇನವ್ವ, ಕೈ ಐತಲ್ಲ. ನಾಳೆ ಪದ ನಾನೇ ಎತ್ತೀನಿ."

ಭಾನುವಾರ ಸಂಜೆ ಏಳಕ್ಕೆ ಸ್ಟೇಜಿನ ಒಂದು ಬದಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿ ತಾಯಮ್ಮನನ್ನು ಕೂರಿಸಿದೆವು. ಕಂಪನಿಯ ಉದ್ದನೆಯ ಕೇಬಲನ್ನು ನಾನೇ ತಂದು ಜೋಡಿಸಿದ್ದೆ. ಅವರದೇ ದನಿ ದೊಡ್ಡ ಸ್ಪೀಕರುಗಳಿಂದ ಹೊರಟಾಗ ಒಮ್ಮೆ ಬೆಚ್ಚಿ ಸುತ್ತ ನೋಡಿದರು. ಆಮೇಲೆ ಅವರ ಕಣ್ಣು ಕುಣಿಯುವವರ ಪಾದ ಬಿಟ್ಟು ಅಲುಗಲಿಲ್ಲ. ಸುತ್ತು ಮುಗಿಯುವ ಸರಿಯಾದ ಗಳಿಗೆಗೆ ಕೈ ಮೇಲೆದ್ದಿತು, ಜಾಡಿಸಿತು, ಎಂಟು ಜನ ಮುಂದಿನ ಪದಕ್ಕೆ ಒಂದೇ ಹೆಜ್ಜೆಯಲ್ಲಿ ತಿರುಗಿದರು. ಕೇಬಲ್ ಹಿಡಿದು ನಿಂತಿದ್ದ ನನಗೆ ಕಣ್ಣು ಮಂಜಾಯಿತು. ಅಷ್ಟು ಸಂತೋಷ ನನಗೆ ಯಾವ ರಿಪೇರಿಯಲ್ಲೂ ಆಗಿರಲಿಲ್ಲ.

ಸೋಮವಾರ ಜಾಬ್ ಶೀಟು ಮುಚ್ಚಬೇಕಿತ್ತು. ದೋಷದ ಕಾರಣ ಬರೆಯುವ ಕಡೆ "ಸುಣ್ಣದ ಡಬ್ಬಿ" ಎಂದು ಬರೆದೆ. ಮ್ಯಾನೇಜರು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದರು. ಕೆಂಪು ಗುರುತು ಬಿದ್ದೇ ಬಿತ್ತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಈಗ ವಿಜಯನಗರದಲ್ಲಿ ನನ್ನದೇ ಚಿಕ್ಕ ಅಂಗಡಿಯಿದೆ. "ನಿಮ್ ಹತ್ರ ಸರಿ ಇರುತ್ತೆ, ಮನೆಗ್ ಹೋದ್ರೆ ಕೈಕೊಡುತ್ತೆ" ಎಂದು ಯಾರಾದರೂ ಹೇಳಿದರೆ ಸ್ಕ್ರೂಡ್ರೈವರ್ ಕೆಳಗಿಟ್ಟು, "ದಿನಾ ಹೆಂಗೆ ಇಟ್ಕೊತೀರಿ, ಹಂಗೇ ಇಟ್ಟು ತೋರ್ಸಿ" ಎನ್ನುತ್ತೇನೆ. ದೋಷ ಕಂಡುಬಂದಿಲ್ಲ ಎಂದರೆ ದೋಷ ಇಲ್ಲವೆಂದಲ್ಲ, ಅದು ಇರುವ ಜಾಗಕ್ಕೆ ನಾನಿನ್ನೂ ಹೋಗಿಲ್ಲವೆಂದು. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ.

ಆ ಫೋನು ಐದು ವರ್ಷ ಬಾಳಿತು. ಅದು ಸತ್ತ ಮೇಲೆ ಗಂಗಮ್ಮ ಹೊಸ ಟಚ್ ಫೋನ್ ಕೊಂಡರು, ಪದಗಳನ್ನೆಲ್ಲ ನಾನೇ ಅದಕ್ಕೆ ತುಂಬಿಸಿಕೊಟ್ಟೆ. ವಾರದೊಳಗೆ ಅವರು ಕರ್ಚೀಫಿನಲ್ಲಿ ಸುತ್ತಿಕೊಂಡು ಮತ್ತೆ ಬಂದು, ನಗುತ್ತ ದೂರು ಕೊಟ್ಟರು:

"ನಮ್ಮತ್ತೆ ಕಳ್ಸವ್ರೆ ಮೇಡಂ. ಎಷ್ಟು ಜಾಡಿಸಿದ್ರೂ ಪದ ಬದಲಾಗಕ್ಕಿಲ್ವಂತೆ. ಇದು ಕೆಟ್ಟೋಗೈತೆ, ರಿಪೇರಿ ಮಾಡ್ಸ್ಕೊಂಡು ಬಾ ಅಂದ್ರು."