ಎಟೆಲ್ಕಾ ಕಿವಿಗೊಟ್ಟು ಬೇಯಿಸಿದ ಮಾಂಸ

ಟಿಸಾ ನದಿಯ ದಂಡೆಯ ನಮ್ಮೂರಿನಲ್ಲಿ ಯಾರ ಮದುವೆಯಾದರೂ ಮಾಂಸದ ಕಡಾಯಿಯ ಮುಂದೆ ನಿಲ್ಲುತ್ತಿದ್ದವಳು ನನ್ನ ಪಕ್ಕದ ಮನೆಯ ಎಟೆಲ್ಕಾ. ಕಳೆದ ಚಳಿಗಾಲದ ಜ್ವರ ಅವಳ ಮೂಗನ್ನು ಕೊಂದುಹಾಕಿತು. ಉಪ್ಪು, ಹುಳಿ ನಾಲಿಗೆಗೆ ತಿಳಿಯುತ್ತಿತ್ತು. ವಾಸನೆ ಮಾತ್ರ ಸೊನ್ನೆ. ಈಸ್ಟರ್ ಊಟದ ದಿನ ಒಲೆಯ ಮೇಲೆ ಕಾಯುತ್ತಿದ್ದ ಕೊಬ್ಬಿಗೇ ಪಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ ಸುರಿದು ಮಾತಿಗೆ ನಿಂತಳು. ಪುಡಿ ಸೀದದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಮಾಂಸ ಕಹಿಯಾಯಿತು. ನಮ್ಮಲ್ಲಿ ಪಾಪ್ರಿಕಾ ಸುಟ್ಟವಳ ಮಾನ ಮೂರುಕಾಸಿಗೆ ಹೋದಂತೆಯೇ.

ಈಗ ಅವಳ ಮೊಮ್ಮಗಳು ಎಮೊಕೆಯ ಮದುವೆ. ಕಡಾಯಿ ತನಗೇ ಬೇಕೆಂದು ಎಟೆಲ್ಕಾಳ ನಾದಿನಿ ಗಿಜೆಲ್ಲಾ ಹಟ ಹಿಡಿದಳು. ಆ ಹೆಂಗಸನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು.

"ಮೂಗಿಲ್ದೋಳು ಊರಿಗೆಲ್ಲ ಬೇಯಿಸ್ತಾಳಂತೆ! ಬೀಗರ ಮುಂದೆ ನಗೆಪಾಟಲಾಗೋದು ಬೇಡ ಕಣೇ."

"ಭಾನುವಾರ ಮನೆಗೆ ಬಾ. ಉಂಡ್ಮೇಲೆ ಹೇಳು," ಎಂದಳು ಎಟೆಲ್ಕಾ. "ಚೆನ್ನಾಗಿಲ್ಲ ಅಂದ್ರೆ ಮದುವೇಲಿ ಒಲೆ ಹತ್ರಾನೂ ಸುಳಿಯಲ್ಲ."

ಮೂವತ್ತು ವರ್ಷದ ಹೆಸರನ್ನು ಒಂದೇ ಊಟದ ಮೇಲೆ ಪಣಕ್ಕಿಟ್ಟಳು.

ಭಾನುವಾರ ಬೆಳಿಗ್ಗೆ ನಾನೂ ಹೋದೆ. ಗಿಜೆಲ್ಲಾ ಆಗಲೇ ಬಂದು ಅಡುಗೆಮನೆಯಲ್ಲಿ ಕಾವಲು ಕೂತಿದ್ದಳು. ಹಂದಿಕೊಬ್ಬಿನಲ್ಲಿ ಈರುಳ್ಳಿ ಬಾಡಿ ಗಾಜಿನಂತಾಯಿತು. ಎಟೆಲ್ಕಾ ಪಾತ್ರೆಯನ್ನು ಒಲೆಯಿಂದ ಎತ್ತಿ ನೆಲಕ್ಕಿಟ್ಟಳು. ಕೊಬ್ಬಿನ ಚಟಪಟ ಪೂರ್ತಿ ನಿಲ್ಲುವವರೆಗೆ ಕಾದು, ಆಮೇಲೆ ಪುಡಿ ಹಾಕಿ ಕಲಸಿ, ತಡಮಾಡದೆ ದನದ ಮೀನಖಂಡದ ತುಂಡುಗಳನ್ನು ಸುರಿದಳು. ಬಣ್ಣ ಕೆಂಪಗೆ ಅರಳಿತು. ಪಾತ್ರೆ ಮತ್ತೆ ಒಲೆಗೇರಿತು. ಅವಳು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಮುಚ್ಚಳದ ಕಡೆಗೆ ಕಿವಿಗೊಟ್ಟು ಕೂತಳು.

"ಇದೇನೇ ಇದು, ಮಾಂಸದ ಜೊತೆ ಗುಟ್ಟು ಮಾತಾಡ್ತಿದ್ದೀಯಾ?" ಎಂದು ಗಿಜೆಲ್ಲಾ ನಕ್ಕಳು. ಸ್ವಲ್ಪ ಹೊತ್ತಿಗೆ ನೀರಿನ ಚೊಂಬು ಹಿಡಿದು ಎದ್ದಳು. "ನೀರು ಹಾಕೇ, ತಳ ಹತ್ತುತ್ತೆ!"

"ಮುಟ್ಟಬೇಡ! ಅದಿನ್ನೂ ಕೊತಕೊತ ಅಂತಿದೆ. ಅದರ ರಸ ಇಂಗಿಲ್ಲ."

ಕೊತಕೊತ ಮೆಲ್ಲಗೆ ಇಳಿಯಿತು. ಕೊಬ್ಬು ಮಾತ್ರ ಉಳಿದು ಚುರ್ರೆಂದಿತು. ಅದೇ ಗಳಿಗೆಗೆ ಎಟೆಲ್ಕಾ ಒಂದು ಗುಟುಕು ನೀರು ಬಿಟ್ಟಳು. ಮತ್ತೆ ಕಾದಳು, ಮತ್ತೆ ಬಿಟ್ಟಳು. ಮಧ್ಯಾಹ್ನದವರೆಗೂ ಆ ಸ್ಟೂಲು ಬಿಟ್ಟು ಏಳಲಿಲ್ಲ. ನಾನು ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಹಲಗೆಯ ಅಂಚಿನಿಂದ ಕುದಿಯುವ ನೀರಿಗೆ ಕೆರೆದು ಕೆರೆದು ಬೀಳಿಸಿದೆ. ಪುಟ್ಟ ಪುಟ್ಟ ಕಡುಬುಗಳು ಮೇಲೆ ತೇಲಿದವು.

ಊಟಕ್ಕೆ ಎಮೊಕೆಯೂ ಬಂದಳು. ಕಡುಬಿನ ಮೇಲೆ ಮಾಂಸ, ಪಕ್ಕದಲ್ಲಿ ಸೌತೆ ಉಪ್ಪಿನಕಾಯಿ. ಎಟೆಲ್ಕಾ ತನ್ನ ತಟ್ಟೆ ಮುಟ್ಟದೆ ಗಿಜೆಲ್ಲಾಳ ಬಾಯನ್ನೇ ನೋಡುತ್ತಿದ್ದಳು. ಗಿಜೆಲ್ಲಾ ಒಂದು ತುತ್ತು ತಿಂದಳು, ಇನ್ನೊಂದು ತಿಂದಳು, ಕೇಳದೆಯೇ ಎರಡನೇ ಸಲ ಬಡಿಸಿಕೊಂಡಳು. ಕೊನೆಗೆ ಬ್ರೆಡ್ಡು ಮುರಿದು, ತಟ್ಟೆಯಲ್ಲಿದ್ದ ಕೆಂಪು ರಸವನ್ನು ಒಂದು ಹನಿಯೂ ಬಿಡದೆ ಒರೆಸಿ ನುಂಗಿದಳು. ನನಗೆ ಎದ್ದು ಕುಣಿಯುವಷ್ಟು ಖುಷಿ.

"ಏನಜ್ಜಿ, ತಟ್ಟೇನೂ ತಿಂತೀಯಾ?" ಎಂದಳು ಎಮೊಕೆ.

ಗಿಜೆಲ್ಲಾ ಬಾಯಿ ಒರೆಸಿಕೊಂಡು, ಗೋಡೆ ನೋಡುತ್ತಾ ಹೇಳಿದಳು: "ಮದುವೇಲಿ ಕಡುಬು ನಾನ್ ಮಾಡ್ತೀನಿ. ಕಡಾಯಿ ನಿಂದೇ."

ಎಟೆಲ್ಕಾಳ ಕಣ್ಣು ತುಂಬಿ ಬಂತು. ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಮಾಡು, ಮಾಡು. ಗಟ್ಟಿಯಾಗಿ ಕಲ್ಲಾದ್ರೆ ಮಾತ್ರ ನಿನ್ನನ್ನೇ ಬೀಗರ ಪಂಕ್ತೀಲಿ ಕೂರಿಸಿ ಅವನ್ನೆಲ್ಲ ನಿನಗೇ ಬಡಿಸ್ತೀನಿ."