ಕಚ್ಚುವ ಅಪ್ಪಯ್ಯ

ಕರಾಟಿನಾ ಪೇಟೆಯ ಕ್ಷೌರಿಕ ಕಿಹಾರ ತನ್ನ ನಾಲ್ಕು ವರ್ಷದ ಮಗನಿಗೆ ಹೆದರುತ್ತಿದ್ದ. ನಗಬೇಡಿ. ಅಜ್ಜ ಬದುಕಿದ್ದರೂ ಚೊಚ್ಚಲ ಗಂಡುಮಗುವಿಗೆ ಅವನ ಹೆಸರಿಡುವುದು ಗಿಕುಯು ಜನರಾದ ನಮ್ಮಲ್ಲಿ ತಪ್ಪದ ಪದ್ಧತಿ. ಹೆಸರಿಟ್ಟ ಮೇಲೆ ಅದು ಬರೀ ಮಗುವಲ್ಲ, ಅಪ್ಪನೇ. ಉಳಿದವರು ಇದನ್ನು ಮುದ್ದಿಗೆ ಹೇಳಿದರೆ ಈ ಪುಣ್ಯಾತ್ಮ ನಿಜವೆಂದೇ ನಂಬಿಬಿಟ್ಟ. ಹಾಗಾಗಿ ಪುಟ್ಟ ಗಚಾಂಜನಿಗೆ ಮನೆಯಲ್ಲಿ ಬಹುವಚನ.

ಅಪ್ಪಯ್ಯನವರಿಗೆ ಒಂದೇ ಚಟ, ಕಚ್ಚುವುದು. ಅದು ರಕ್ತದಲ್ಲೇ ಬಂದದ್ದು. ಅಜ್ಜ ಗಚಾಂಜ ಹರೆಯದಲ್ಲಿ ಮೇಕೆ ವ್ಯಾಪಾರದ ಜಗಳಕ್ಕೆ ಸ್ವಂತ ಭಾವಮೈದುನನ ಕಿವಿ ಕಚ್ಚಿ ಹರಿದವನು.

"ಅಪ್ಪಯ್ಯ, ತಂಗಿ ಕೈ ಬಿಟ್ಬಿಡಿ, ದಮ್ಮಯ್ಯ ಅಂತೀನಿ," ಎಂದು ಕಿಹಾರ ಅಂಗಲಾಚುತ್ತಿದ್ದ. ಅಪ್ಪಯ್ಯ ಇನ್ನಷ್ಟು ಒತ್ತಿ ಕಚ್ಚುತ್ತಿದ್ದ.

"ಬೀಜ ನಿಮ್ಮಪ್ಪಂದೇ ಇರಬಹುದು ಕಣ್ರೀ, ನೀರು ಹಾಕ್ತಿರೋರು ನೀವು," ಎನ್ನುತ್ತಿದ್ದಳು ಹೆಂಡತಿ ನ್ಯಾವಿರಾ. ಅವಳು ಗದರಿದರೆ ಹುಡುಗ ಅಪ್ಪನ ಬೆನ್ನ ಹಿಂದೆ ಅಡಗುತ್ತಿದ್ದ.

ಎರಡು ಶಿಶುವಿಹಾರಗಳು ಅವನನ್ನು ಆಚೆ ಹಾಕಿದವು. ಉಳಿದದ್ದು ಒಂದೇ. ಅಲ್ಲಿಯ ಟೀಚರ್ ವಾಂಗುಯಿ ಖಡಾಖಂಡಿತವಾಗಿ ಹೇಳಿದ್ದಳು: "ಇನ್ನೊಂದು ಹಲ್ಲಿನ ಗುರುತು ಕಂಡ್ರೆ ಮನೇಲೇ ಇಟ್ಕೊಳ್ಳಿ." ಅದೂ ತಪ್ಪಿದರೆ ನ್ಯಾವಿರಾ ಸಂತೆಯ ಬೆಣ್ಣೆಹಣ್ಣಿನ ಅಂಗಡಿ ಮುಚ್ಚಬೇಕು. ಗಿರಾಕಿಗಳನ್ನು ಕಚ್ಚಿಸಿಕೊಳ್ಳಲು ಕರೆಯಲಾದೀತೇ?

ಶನಿವಾರ ಅಜ್ಜ ಕಿಹಾರನ ಕ್ಷೌರದಂಗಡಿಗೆ ಬಂದು ಗಡ್ಡಕ್ಕೆ ಕೂತ. ಅರ್ಧ ಕೆನ್ನೆ ಬೋಳಿಸುವಷ್ಟರಲ್ಲಿ ಟೀಚರ್ ವಾಂಗುಯಿಯೇ ತನ್ನ ಮಗನ ಕೈ ಹಿಡಿದು ಒಳಗೆ ಬಂದಳು. ಗುಂಡುಗುಂಡಗಿನ ಕೈ. ಮೂಲೆಯಲ್ಲಿ ಆಡುತ್ತಿದ್ದ ಪುಟ್ಟ ಅಪ್ಪಯ್ಯ ಎದ್ದ. ಬಾಯಿ ತೆರೆದ.

ಕಿಹಾರ ಕತ್ತಿ ಬಿಸಾಡಿ ಹಾರಿದ. ಮಗನ ಎರಡೂ ಭುಜ ಹಿಡಿದುಕೊಂಡ.

"ಗಚಾಂಜ, ಕಚ್ಚಬಾರದು. ಕೂತ್ಕೋ."

ಆ ಹೆಸರನ್ನು ಅವನ ನಾಲಗೆ ನುಡಿದದ್ದು ಅದೇ ಮೊದಲು. ಹುಡುಗ ಬೆರಗಿನಿಂದ ತೆರೆದ ಬಾಯಿ ಮುಚ್ಚದೆಯೇ ಕುಕ್ಕರಿಸಿದ. ಆಮೇಲೆ ಅಳು ಬಂತು. ಕಿಹಾರ ಅವನನ್ನು ತೊಡೆಯ ಮೇಲೆ ಎಳೆದುಕೊಂಡು, "ಕಚ್ಚಬಾರದು ಕಂದ," ಎಂದು ಇನ್ನೊಮ್ಮೆ ಮೆಲ್ಲಗೆ ಹೇಳಿದ. ಆಗಲೇ ಕುರ್ಚಿಯಲ್ಲಿದ್ದ ನಿಜವಾದ ಅಪ್ಪನ ನೆನಪಾಯಿತು; ಅವನೆದುರಿಗೇ ಅವನ ಹೆಸರು ಹಿಡಿದು ಗದರಿಬಿಟ್ಟಿದ್ದ.

"ತಪ್ಪಾಯ್ತು ಅಪ್ಪಯ್ಯ," ಎಂದ ಕುರ್ಚಿಯತ್ತ ತಿರುಗಿ.

ಮುದುಕ ಸೋಪಿನ ನೊರೆಯ ಮುಖ ತಿರುಗಿಸಿದ. ಮೊಮ್ಮಗನನ್ನು ನೋಡಿದ.

"ನಂಗೂ ನಮ್ಮಜ್ಜನ ಹೆಸರೇ ಅಲ್ವೇನೋ," ಎಂದ. "ನಮ್ಮಪ್ಪ ಸಾಯೋವರೆಗೂ ನನ್ನ ಅಪ್ಪಯ್ಯ ಅಂತಾನೇ ಕರೆದ. ಯಾರಾದ್ರೂ ಒಬ್ರು ಕೂತ್ಕೋ ಅಂದಿದ್ರೆ, ನಾನೂ ಕೂತ್ಕೋತಿದ್ದೆ."