ಏಳು ಊರಿನ ಟೂರು, ನಾಲ್ಕೂವರೆ ಬಸ್ಸು

ಹೋದ ಭಾನುವಾರ ಗುಬ್ಬಿಯಿಂದ ನನ್ನ ಷಡ್ಡಕ ಬಂದಿದ್ದ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಒಂದು ಕೈಯಲ್ಲಿ ತೋಟದ ಎಳನೀರು, ಇನ್ನೊಂದು ಕೈಯಲ್ಲಿ ಬಣ್ಣಬಣ್ಣದ ಕರಪತ್ರ. ನೋಡಿದರೆ ಯುರೋಪ್ ಟೂರಿನದು. ಹನ್ನೆರಡು ದಿನ, ಏಳು ಊರು. ಹೋದ ವರ್ಷ ನಾನೂ ನನ್ನ ಹೆಂಡತಿಯೂ ಹೋಗಿಬಂದದ್ದು ಇದೇ ಟೂರು.

“ಅಣ್ಣ, ಓಡಾಟ ಹೆಂಗೆ ಹೇಳಿ. ನಮ್ಮೋಳ್ಗೆ ಮಂಡಿನೋವು ಬೇರೆ. ನೀವು ಸರಿ ಅಂದ್ರೆ ನಾಳೆನೇ ಹೆಸ್ರು ಕೊಟ್ಬುಡ್ತೀನಿ” ಅಂದ.

ಈ ಪ್ರಶ್ನೆಗೆ ಅವನು ನನ್ನನ್ನೇ ಹುಡುಕಿಕೊಂಡು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಬಹಳ ವರ್ಷ ಕಂಟ್ರೋಲರ್ ಆಗಿದ್ದವನು ನಾನು. ಯಾವ ಬಸ್ಸು ಎಷ್ಟು ಹೊತ್ತಿಗೆ ಬರಬೇಕು, ಎಷ್ಟು ನಿಮಿಷ ನಿಲ್ಲಬೇಕು, ಎಷ್ಟು ಹೊತ್ತಿಗೆ ಜಾಗ ಖಾಲಿ ಮಾಡಬೇಕು, ಇಷ್ಟೇ ನನ್ನ ಪ್ರಪಂಚ. ರಿಟೈರಾಗಿ ಶೆಟ್ಟಿಹಳ್ಳಿಯ ಮನೆಯಲ್ಲಿ ಕೂತ ಮೇಲೂ ರಸ್ತೆಯಲ್ಲಿ ದೊಡ್ಡ ಹಾರ್ನ್ ಕೇಳಿಸಿದರೆ ಕೈಗಡಿಯಾರ ನೋಡಿಕೊಳ್ಳುತ್ತೇನೆ.

ಟೂರಿನ ಪಟ್ಟಿ ಓದುವುದಕ್ಕೂ ಒಂದು ಕ್ರಮವಿದೆ, ಅದನ್ನು ಅವನಿಗೆ ಹೇಳಿಕೊಡತೊಡಗಿದೆ. ‘ನೋಡುವುದು’ ಎಂದಿದ್ದರೆ ಬಸ್ಸಿನಿಂದ ಇಳಿಸುತ್ತಾರೆ. ‘ಹಾದುಹೋಗುವುದು’ ಎಂದಿದ್ದರೆ ಕಿಟಕಿಯಿಂದಲೇ ಕೈಮುಗಿಯಬೇಕು. ಫೋಟೋ ಸ್ಟಾಪ್ ಅಂದರೆ ನಮ್ಮ ಬಸ್ಸು ಊರ್ಡಿಗೆರೆಯಲ್ಲಿ ನಿಂತಷ್ಟು ಹೊತ್ತು, ಕೊನೆಯವರು ಇಳಿಯುವುದರೊಳಗೆ ಮೊದಲು ಇಳಿದವರು ಹತ್ತುತ್ತಿರುತ್ತಾರೆ. ಎರಡು ರಾತ್ರಿ ಒಂದೇ ಊರು ಎಂದಿದ್ದರೆ ಅದು ಹಬ್ಬ.

ಟೂರಿನಲ್ಲಿದ್ದಾಗ ಮಾತ್ರ ನನಗೆ ಆ ವೇಗ ಬಹಳ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ. ಆರೂವರೆಗೆ ಸೂಟ್‌ಕೇಸು ಬಾಗಿಲಾಚೆ, ಏಳಕ್ಕೆ ತಿಂಡಿ, ಏಳೂ ಮುಕ್ಕಾಲಿಗೆ ಬಸ್ಸು. ಹೇಳಿದ ನಿಮಿಷಕ್ಕೆ ಚಕ್ರ ಉರುಳುತ್ತಿತ್ತು. ಅಂಥ ಬಸ್ಸನ್ನು ನನ್ನ ಸರ್ವೀಸಿನಲ್ಲಿ ಕಂಡದ್ದು ಅಪರೂಪ. ಎರಡನೇ ದಿನದಿಂದಲೇ ನಾನು ಬಾಗಿಲ ಹತ್ತಿರ ನಿಂತು ತಲೆ ಎಣಿಸತೊಡಗಿದೆ, ಯಾರೂ ಹೇಳದೆಯೇ. ಟೂರ್ ಮ್ಯಾನೇಜರ್ ಹುಡುಗಿ ನಕ್ಕು ಸುಮ್ಮನಾದಳು. ನನ್ನ ಹೆಂಡತಿ ಮಾತ್ರ, “ಇಲ್ಲೂ ಡ್ಯೂಟಿ ಮಾಡ್ಬೇಕಾ ನೀವು?” ಅಂದಿದ್ದಳು.

ನನಗೊಂದು ಹಳೆಯ ಚಾಳಿ ಇದೆ. ಮದುವೆಯಾದ ಹೊಸದರಲ್ಲೇ ಶುರುವಾದದ್ದು. ಹೆಂಡತಿಗೆ ಯಾವತ್ತೂ ಸರಿಯಾದ ಹೊತ್ತು ಹೇಳುವುದಿಲ್ಲ. ಹತ್ತಕ್ಕೆ ಹೊರಡಬೇಕಿದ್ದರೆ ಒಂಬತ್ತೂವರೆ ಅನ್ನುತ್ತೇನೆ. ಇದರಲ್ಲಿ ನಾನೊಬ್ಬನೇ ಇಲ್ಲ, ನಮ್ಮ ಕಡೆ ಗಂಡಸರು ಬಹುಪಾಲು ಹೀಗೇ. ಹೆಂಗಸರು ಹೊರಡುವುದು ತಡ ಎಂದು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ಅವಳು ನಿಜವಾಗಿಯೂ ತಡ ಮಾಡುತ್ತಿದ್ದಳೇ ಎಂದು ನಾನು ಒಂದು ದಿನವೂ ನೋಡಿದವನಲ್ಲ.

ಅವಳ ತವರು ಕುಣಿಗಲ್. ತಿಂಗಳಿಗೊಮ್ಮೆ ನನ್ನ ವಾರದ ರಜೆಯ ದಿನ ಹೋಗುತ್ತಿದ್ದೆವು, ಗೂಳೂರು, ಹೆಬ್ಬೂರು ದಾಟಿಕೊಂಡು. ಮನೆ ಕೆರೆ ಏರಿಗೆ ಹತ್ತಿರ. ಊಟವಾದ ಮೇಲೆ ಅಕ್ಕತಂಗಿಯರು ಕೆರೆಯ ಮೆಟ್ಟಿಲ ಮೇಲೆ ನೀರಿಗೆ ಕಾಲು ಇಳಿಬಿಟ್ಟು ಕೂರುತ್ತಿದ್ದರು. ಮೂರು ಗಂಟೆ ದಾಟುತ್ತಲೇ ನನ್ನ ಅತ್ತೆ ಹಿತ್ತಲಿನ ಮಲ್ಲಿಗೆ, ಕನಕಾಂಬರ ಬಿಡಿಸಿಕೊಂಡು ಬಾಳೆನಾರು ನೆನೆಸಿ ನಡುಮನೆಯಲ್ಲಿ ಕಟ್ಟುವುದಕ್ಕೆ ಕೂರುತ್ತಿದ್ದರು. ಮಗಳು ಹೂ ಮುಡಿಯದೆ ಗಂಡನ ಮನೆಗೆ ಹೋಗಬಾರದು.

“ಒಂದು ಮೊಳ ಆಗ್ಲಿ, ಇರಪ್ಪ” ಅನ್ನುತ್ತಿದ್ದರು.

“ನಾಲ್ಕಕ್ಕೆ ಬಸ್ಸು ಅತ್ತೆ. ನಮಗೋಸ್ಕರ ಕಾಯಲ್ಲ” ಅನ್ನುತ್ತಿದ್ದೆ ನಾನು.

ಕಟ್ಟಿದ್ದಷ್ಟನ್ನು ಮುಡಿಸಿ, ಉಳಿದ ಹೂವನ್ನೂ ನಾರನ್ನೂ ಬಾಳೆಲೆಯಲ್ಲಿ ಸುತ್ತಿ ಮಗಳ ಕೈಗಿಟ್ಟು ಅತ್ತೆ ಬಾಗಿಲವರೆಗೆ ಬರುತ್ತಿದ್ದರು. ಬಸ್ಸು ಹೊರಡುತ್ತಿದ್ದದ್ದು ನಾಲ್ಕೂವರೆಗೆ. ಅಲ್ಲಿಯವರೆಗೂ ಇವಳು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ತಾನೇ ಉಳಿದ ಹೂ ಕಟ್ಟುತ್ತಿದ್ದಳು. “ಇವತ್ತೂ ಲೇಟಾ?” ಅಂತ ಕೇಳಿದರೆ “ಲೇಟು” ಅನ್ನುತ್ತಿದ್ದೆ. ತುಮಕೂರಿನಲ್ಲಿ ನಾನೇ ಗಡಿಯಾರ ಹಿಡಿದು ಕಳಿಸುತ್ತಿದ್ದ ಬಸ್ಸನ್ನು, ಒಂದು ನಿಮಿಷ ತಡವಾಗದ ಬಸ್ಸನ್ನು, ನನ್ನ ಬಾಯಲ್ಲೇ ಲೇಟು ಮಾಡುತ್ತಿದ್ದೆ. ಆ ದಿನಗಳು ಈಗಲೂ ಕಣ್ಣಿಗೆ ಕಟ್ಟುತ್ತವೆ. ಕಲ್ಲುಬೆಂಚು, ಕಡಲೆಕಾಯಿ ಮಾರುವವನ ಕೂಗು, ಇವಳ ಬೆರಳಲ್ಲಿ ಓಡುವ ನಾರು. ಒಳ್ಳೆಯ ದಿನಗಳು ಎಂದೇ ಅಂದುಕೊಂಡಿದ್ದೆ.

ಟೂರಿನ ಆರನೇ ದಿನ ಒಂದು ಊರಿಗೆ ಹೋದೆವು. ಊರ ನಡುವೆಯೇ ಕೆರೆ. ಅವರು ಅದಕ್ಕೆ ಸರೋವರ ಎಂಬ ದೊಡ್ಡ ಹೆಸರು ಕೊಡಲಿ, ನಮ್ಮ ಕಣ್ಣಿಗೆ ಕೆರೆಯೇ. ದಡದಲ್ಲಿ ನೀರಿಗೆ ಇಳಿಯುವ ಕಲ್ಲು ಮೆಟ್ಟಿಲು. ಐದು ದಿನ ಅರಮನೆ, ಗೋಪುರ, ಸೇತುವೆಗಳನ್ನು ತಲೆಯಾಡಿಸಿಕೊಂಡು ನೋಡಿದ್ದ ಇವಳು ಮೆಟ್ಟಿಲು ಕಂಡದ್ದೇ ನಿಂತುಬಿಟ್ಟಳು.

“ರೀ, ಸ್ವಲ್ಪ ಹೊತ್ತು ಕಾಲು ಬಿಟ್ಕೊಂಡು ಕೂತ್ಕೊಳ್ಳೋಣ. ಇಷ್ಟೊಂದು ದೂರ ಬಂದು ನಂಗೆ ಇದೊಂದೇ ಆಸೆ ಕಣ್ರೀ.”

ಮ್ಯಾನೇಜರ್ ಹುಡುಗಿ ಕೊಟ್ಟಿದ್ದದ್ದು ಒಂದು ಗಂಟೆ. ಅವಳ ಮಾತು ಕೇಳಿಸಿಕೊಳ್ಳಲು ಎಲ್ಲರ ಕಿವಿಗೂ ಒಂದು ಯಂತ್ರ ಸಿಕ್ಕಿಸಿದ್ದರು. ಕಿವಿ ನೋಯುತ್ತದೆ ಎಂದು ಇವಳು ಅದನ್ನು ತೆಗೆದು ಬ್ಯಾಗಿಗೆ ಹಾಕಿದ್ದಳು. ಹಾಗಾಗಿ ಇವಳಿಗೆ ಹೊತ್ತು ಹೇಳುವವನು ನಾನೇ.

“ಅರ್ಧ ಗಂಟೆ ಅಷ್ಟೇ ಕೊಟ್ಟವ್ರೆ” ಅಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಅಭ್ಯಾಸವಾದದ್ದು.

ಅಂಗಡಿ ಬೀದಿ ಒಂದು ಸುತ್ತು ಹಾಕಿಸಿ ಮೆಟ್ಟಿಲಿಗೆ ಕರೆತರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಕಳೆದಿತ್ತು. ಕೂತು, ಬಗ್ಗಿ, ಒಂದು ಷೂ ಬಿಚ್ಚಿದಳು. ಕಾಲುಚೀಲಕ್ಕೆ ಕೈ ಹಾಕಿದ್ದಳು. ನಾನು ಗಡಿಯಾರ ನೋಡಿ, “ಟೈಮಾಯ್ತು ಬಾರೇ” ಅಂದೆ. ಷೂ ಮತ್ತೆ ಹಾಕಿಕೊಂಡು ಎದ್ದಳು. ಬಸ್ಸಿಗೆ ಬಂದರೆ ಡ್ರೈವರ್ ಒಬ್ಬನೇ ಬ್ರೆಡ್ ತಿನ್ನುತ್ತಿದ್ದ. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಹುಡುಗಿ ಒಳಗೆ ಇಣುಕಿ, “ಯಾಕೆ ಆಂಟಿ ಇಷ್ಟು ಬೇಗ ಬಂದ್ರಿ? ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲ” ಅಂದು ಹೋದಳು.

ನಾನು ಗಡಿಬಿಡಿಯಿಂದ ಎದ್ದು, “ಬಾ, ಹೋಗಿ ಕೂತು ಬರೋಣ” ಅಂದೆ.

“ಬೇಡ ಬಿಡಿ” ಅಂದಳು. ಬಸ್ಸು ಊರು ದಾಟಿದ ಮೇಲೆ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು, “ಕುಣಿಗಲ್ ಬಸ್ಸು ಎಷ್ಟೊತ್ತಿಗೆ ಹೊರಡ್ತಿತ್ತು? ನಿಜ ಹೇಳಿ.”

“ನಾಲ್ಕೂವರೆಗೆ.”

“ಯಾವಾಗ್ಲೂ?”

“ಹೂಂ. ಯಾವಾಗ್ಲೂ.”

ಅತ್ತೆ ತೀರಿಕೊಂಡು ಬಹಳ ವರ್ಷವಾಗಿದೆ. ಇವಳು ಅಳಲಿಲ್ಲ, ಬೈಯಲೂ ಇಲ್ಲ. “ಅರ್ಧ ಗಂಟೆ ಇದ್ದಿದ್ರೆ ಅಮ್ಮನೇ ಪೂರ್ತಿ ಕಟ್ಟೋರು” ಅಂದಳು, ಅಷ್ಟೇ. ನನಗೆ ನಾಚಿಕೆಯಾಯಿತು. ಉಳಿದ ಆರು ದಿನ ನಾನು ಬಾಗಿಲಲ್ಲಿ ನಿಂತು ತಲೆ ಎಣಿಸಲಿಲ್ಲ.

ಇದನ್ನೆಲ್ಲ ಷಡ್ಡಕನಿಗೆ ಹೇಳಲಿಲ್ಲ. ಎರಡೆರಡು ರಾತ್ರಿ ಒಂದೇ ಊರಲ್ಲಿ ಉಳಿಸುವ ಟೂರು ಹುಡುಕು, ಏಳು ಊರಿನ ಬದಲು ನಾಲ್ಕೇ ಆದರೂ ಪರವಾಗಿಲ್ಲ, ಮಂಡಿಗೂ ಒಳ್ಳೆಯದು ಎಂದೆ. ಇವಳು ಪಕ್ಕದಲ್ಲೇ ಚಾಪೆ ಹಾಸಿ ತಂಗಿಗೆ ಕಳಿಸಲು ಮಲ್ಲಿಗೆ ಕಟ್ಟುತ್ತಿದ್ದಳು.

ಅವನು ನಕ್ಕ. “ನಡೆಯೋದು ಹೆಂಗೋ ಆಯ್ತದೆ ಬುಡಿ ಅಣ್ಣ. ನಮ್ಮೋಳು ಹೊರಡೋದೇ ಕಷ್ಟ. ಅದ್ಕೇ ಅರ್ಧ ಗಂಟೆ ಮುಂಚೇನೇ ಹೇಳ್ಬುಡ್ತೀನಿ ನಾನು, ಕುಣಿಗಲ್ಗೆ ಹೋಗ್ತಿದ್ದಾಗಿಂದ್ಲೂ ಅಷ್ಟೇಯ.”

ಹೂ ಕಟ್ಟುತ್ತಿದ್ದ ಕೈ ನಿಂತಿತು. ಇವಳು ತಲೆ ಎತ್ತಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ಬೇಡ ಕಣೋ” ಅಂದೆ. “ಅವಳಿಗೆ ಸರಿಯಾದ ಟೈಮೇ ಹೇಳು.”

ಅವನಿಗೆ ಏನು ಅರ್ಥವಾಯಿತೋ, ಎಳನೀರಿನ ಲೋಟ ಕೆಳಗಿಟ್ಟು ಎದ್ದ. ಗುಬ್ಬಿ ಬಸ್ಸಿಗೆ ಹೊತ್ತಾಯಿತು ಅಂದ.

“ಕೂತ್ಕೊ, ಇನ್ನೂ ಇಪ್ಪತ್ತು ನಿಮಿಷ ಇದೆ” ಅಂದೆ. “ಹೂವು ಮುಗೀಲಿ.”